ತಮ್ಮಾ, ಮನೆ ಹಿಡಿಯೋ ಮುಂಚೆ ಮೋಡ ನೋಡು

ಸೇಡಂ ಹುಡುಗ ಅಂತ ಓದಿ ಖುಷಿಯಾಯಿತು ತಮ್ಮಾ. ನಾನು ಚಿತ್ತಾಪುರದವನು, 2009ರಿಂದ ಮಾರಿಷಸ್‌ನಲ್ಲಿದ್ದೇನೆ. ಎಬೆನ್‌ನಲ್ಲಿ ಕೆಲಸ ಸಿಕ್ಕಿದೆ, ಕ್ಯೂರ್‌ಪಿಪ್‌ನಲ್ಲಿ ಕಡಿಮೆ ಬಾಡಿಗೆಗೆ ಒಂದು ಮನೆ ಇದೆ, ಅದನ್ನೇ ಹಿಡಿದು ಜುಲೈಗೆ ಅವ್ವ-ಅಪ್ಪನ್ನ ಕರೆಸಲಾ, ಮಳೆ ಹೇಗೆ, ಏನೇನು ತರಲಿ ಅಂತ ಕೇಳಿದ್ದೀಯ. ತರುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಬೇಳೆ ಅಕ್ಕಿ ಎಲ್ಲ ಸಿಗುತ್ತವೆ. ಕ್ರಿಯೋಲ್ ಮಾತು ತಾನಾಗೇ ಬರುತ್ತದೆ. ಮನೆ ಮಾತ್ರ ಅವಸರ ಮಾಡಬೇಡ.

ನಾನೂ ಅದೇ ಲೆಕ್ಕ ಹಾಕಿದ್ದೆ. ಬಿಸಿಲು ತಿಂದು ಬೆಳೆದವನಿಗೆ ತಂಪು ಊರು ಅಂದರೆ ಸಾಕಲ್ವಾ? ಇಲ್ಲಿ ಹೆಚ್ಚುಕಮ್ಮಿ ವರ್ಷವಿಡೀ ಗಾಳಿ ಆಗ್ನೇಯದಿಂದ ಬೀಸುತ್ತದೆ, ಸಮುದ್ರದ ಹಸಿ ಹೊತ್ತುಕೊಂಡು. ನಡು ದ್ವೀಪದ ಎತ್ತರಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಅಲ್ಲೇ ಸುರಿಯುತ್ತದೆ. ಕ್ಯೂರ್‌ಪಿಪ್ ಇರುವುದು ಆ ಎತ್ತರದ ಮೇಲೆ, ಸುಮಾರು 550 ಮೀಟರ್. ಆ ನಡು ಎತ್ತರದಲ್ಲಿ ವರ್ಷಕ್ಕೆ 4000 ಮಿ.ಮೀ.ವರೆಗೂ ಮಳೆ. ಅಲ್ಲಿಂದ ಪಶ್ಚಿಮಕ್ಕಿಳಿದರೆ ಕರಾವಳಿಯಲ್ಲಿ 900, ಅಂದರೆ ನಮ್ಮ ಕಲಬುರಗಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮುಂಗಾರು ಘಟ್ಟದಲ್ಲಿ ಸುರಿದು ನಮಗೆ ಖಾಲಿ ಮೋಡ ಕಳಿಸುತ್ತದಲ್ಲ, ಅದೇ ಕಥೆ. ಆದರೆ ಅಲ್ಲಿ ಘಟ್ಟ ನೋಡಲು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬೇಕು, ಇಲ್ಲಿ 20 ಕಿ.ಮೀ. ಒಳಗೆ ಎರಡೂ ಮುಗಿಯುತ್ತವೆ.

ಕಡಲ ಮೇಲಿಂದ ಬರುವ ಮೋಡಗಳು ಬಿಡಿಸಿದ ಹತ್ತಿ ಥರ, ಚಿಕ್ಕಚಿಕ್ಕವು. ಒಂದೊಂದು ಐದು ನಿಮಿಷ ಸುರಿಸಿ ಹೋಗುತ್ತದೆ, ಹಿಂದೆಯೇ ಬಿಸಿಲು. ಛತ್ರಿ ತರಬೇಡ, ಗಾಳಿಗೆ ತಿರುವುಮುರುವಾಗುತ್ತದೆ.

ಇನ್ನು ಜುಲೈ. ಇಲ್ಲಿ ಅದು ಚಳಿಗಾಲ, ಆ ಆಗ್ನೇಯ ಗಾಳಿಗೆ ಜೋರು ಬರುವುದೂ ಆಗಲೇ. 2011ರ ಜುಲೈನಲ್ಲಿ ಅವ್ವನನ್ನು ಕ್ಯೂರ್‌ಪಿಪ್ ಮನೆಗೆ ಕರೆಸಿದೆ. ಬರುವಾಗ ಒಂದು ಕಟ್ಟು ಕಟಿ ರೊಟ್ಟಿ (ಗರಿಗರಿ ಒಣ ಜೋಳದ ರೊಟ್ಟಿ), ಶೇಂಗಾ ಹಿಂಡಿ ತಂದಿದ್ದಳು. ಹೊರಗೆ ಜಿಟಿಜಿಟಿ, ಮಧ್ಯಾಹ್ನಕ್ಕೂ 20 ಡಿಗ್ರಿ ದಾಟದು. ನಾಲ್ಕನೇ ದಿನ ಡಬ್ಬಿ ತೆಗೆದು ರೊಟ್ಟಿ ಮುರಿಯಲು ಹೋದರೆ ಬಟ್ಟೆಯಂತೆ ಮಡಚಿಕೊಂಡಿತು. ಅದನ್ನೇ ಒಲೆ ಮೇಲೆ ಹಿಡಿದು ಕಾಸುತ್ತಾ, "ನಿಮ್ಮೂರಾಗ ಸೂರ್ಯ ರಜಾದ ಮ್ಯಾಲ ಹೋಗ್ಯಾನೇನೋ?" ಅಂದಳು. ಸೀರೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಮೊಣಕಾಲು ನೋವು ಹೇಳಲಿಲ್ಲ, ಸುಮ್ನೆ ಶಾಲು ಹೊದ್ದು ಕಿಟಕಿ ಹತ್ತಿರ ಕೂತಿದ್ದಳು. ಎರಡು ತಿಂಗಳಿಗೆ ಬಂದವಳು ಹದಿನೆಂಟು ದಿನಕ್ಕೆ ಹೊರಟಳು. ನಾನು ಕೆಲಸ ಕೆಲಸ ಅಂತ, ಅರ್ಧ ಗಂಟೆ ದೂರದ ಪಶ್ಚಿಮ ಕರಾವಳಿಯ ಫ್ಲಿಕ್ ಆನ್ ಫ್ಲಾಕ್ ಬಿಸಿಲಿಗೆ ಒಂದು ಭಾನುವಾರವೂ ಕರೆದುಕೊಂಡು ಹೋಗಲಿಲ್ಲ. ಆಮೇಲೆ ಕೆಳಗೆ ಬೋ ಬಾಸಿನ್‌ಗೆ ಮನೆ ಬದಲಾಯಿಸಿದೆ. ಅಷ್ಟರಲ್ಲಿ ಅವಳಿಗೆ ವಿಮಾನದ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ.

ಈ ಗಾಳಿಯೇ ಭೂಮಧ್ಯರೇಖೆ ದಾಟಿ ತಿರುಗಿಕೊಂಡು ನಿಮ್ಮ ಮುಂಗಾರಾಗುತ್ತದೆ ಅಂತ ಒಮ್ಮೆ ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಹಂಗಾದ್ರ ತೊಗರಿಗೆ ಬೇಕಾದಷ್ಟೇ ಕಳಿಸು" ಅಂದಳು.

ಚಂಡಮಾರುತದ ಕಾಲ ನವೆಂಬರ್‌ನಿಂದ ಮೇ ನಡುವಿನವರೆಗೆ. ಎಚ್ಚರಿಕೆ ಕ್ಲಾಸ್ 1ರಿಂದ 4, ಅಪಾಯ ಹತ್ತಿರವಾದಷ್ಟೂ ಸಂಖ್ಯೆ ಏರುತ್ತದೆ, ರೇಡಿಯೋ ಹೇಳಿದಂತೆ ಕೇಳು. ನಡುವೆ ಗಾಳಿ ಏಕಾಏಕಿ ನಿಂತರೆ ಹೊರಗೆ ಬರಬೇಡ, ಅದು ಚಂಡಮಾರುತದ ಕಣ್ಣು, ಅಂದರೆ ನಡುಭಾಗ, ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಬಡಿಯುತ್ತದೆ. ಒಣ ಊರು ಅಂತ ರಾಜಧಾನಿ ಪೋರ್ಟ್ ಲೂಯಿಯನ್ನೂ ನಂಬಬೇಡ, 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ಅಲ್ಲಿ ರಸ್ತೆಯಲ್ಲಿ ಕಾರುಗಳು ತೇಲಿದವು.

ಮನೆ ನೋಡಲು ಹೋದಾಗ ಬೀರು ಬಾಗಿಲು ತೆಗೆದು ಮೂಸು. ಮುಗ್ಗಲು ವಾಸನೆ ಬಂದರೆ ಬಾಡಿಗೆ ಎಷ್ಟು ಅಂತ ಕೇಳಲೇಬೇಡ.