ಸ್ಕಾಟ್ಲೆಂಡಿಗೆ ಸ್ವಯಂಸೇವೆಗೆ ಹೋದಾಗ, ರಜೆಯ ದಿನ ಅಲ್ಲಿನ ಹಳ್ಳಿಗಾಡಿನ ಖಾಸಗಿ ಜಮೀನುಗಳಲ್ಲಿ ನಡೆದು ಸುತ್ತಾಡಬಹುದೇ?

ಧಾರಾಳವಾಗಿ ಸುತ್ತಾಡಬಹುದು. ಬಹುಪಾಲು ಬೆಟ್ಟ, ಕಾಡು, ಹುಲ್ಲುಗಾವಲು, ಸರೋವರದ ದಂಡೆಗಳಲ್ಲಿ ಓಡಾಡಲು ಮಾಲೀಕರ ಅನುಮತಿ ಬೇಕಿಲ್ಲ. ವಿದೇಶಿಯರಿಗೂ ಇದೇ ನಿಯಮ.

ಇದಕ್ಕೆ ಕಾರಣ ಅಲ್ಲಿನ 2003ರ ಭೂ ಸುಧಾರಣಾ ಕಾಯ್ದೆ. ಆ ಹೆಸರು ಕೇಳಿದರೆ ನಮಗೆ ‘ಉಳುವವನೇ ಹೊಲದೊಡೆಯ’ ನೆನಪಾಗುತ್ತದೆ. ಆದರೆ ಈ ಕಾಯ್ದೆಯ ಮೊದಲ ಭಾಗ ಇರುವುದು ನಡೆಯುವವರಿಗಾಗಿ. ನೆಲದ ಒಡೆತನ ಒಬ್ಬರದೇ ಇರಲಿ, ಅದನ್ನು ಹಾದುಹೋಗುವ ಹಕ್ಕು ಎಲ್ಲರದು ಎಂದು ಅದು ಎರಡನ್ನೂ ಬೇರೆ ಮಾಡಿತು. ಸೈಕಲ್ಲಿಗೂ ಈ ಹಕ್ಕುಂಟು, ಕಾರು–ಬೈಕಿಗೆ ಇಲ್ಲ. ಪಕ್ಕದ ಇಂಗ್ಲೆಂಡಿನಲ್ಲಿ ಮಾತ್ರ ಹೀಗಲ್ಲ. ಅಲ್ಲಿ ಗುರುತಿಸಿದ ಕಾಲುದಾರಿ, ಗೊತ್ತುಪಡಿಸಿದ ಬಯಲು ಬಿಟ್ಟು ಆಚೆ ಹೋಗುವಂತಿಲ್ಲ.

ಜವಾಬ್ದಾರಿಯಿಂದ ನಡೆದುಕೊಂಡರಷ್ಟೇ ಈ ಹಕ್ಕು ಉಳಿಯುತ್ತದೆ. ಮನೆಯ ಅಂಗಳ, ಕೈತೋಟ ಇದಕ್ಕೆ ಸೇರಿಲ್ಲ. ಪೈರಿರುವ ಹೊಲ ಎದುರಾದರೆ ಅಂಚಿನಲ್ಲೇ ಸಾಗಬೇಕು. ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಬಿಡಿ. ದನ–ಕುರಿ ಎಲ್ಲಿ ಮೇಯಬೇಕೆಂದು ರೈತ ಲೆಕ್ಕ ಹಾಕಿಯೇ ಹಾಗೆ ಇಟ್ಟಿರುತ್ತಾನೆ. ವಸಂತದಲ್ಲಿ ಕುರಿಗಳು ಮರಿ ಹಾಕುವ ಕಾಲ, ದೂರದಿಂದಲೇ ಹೋಗಿ. ಕರುವಿನ ಜೊತೆಗಿರುವ ಹಸುವನ್ನಂತೂ ದೂರದಿಂದ ಸುತ್ತಿಕೊಂಡೇ ದಾಟಬೇಕು, ನಮ್ಮೂರಿನ ಹಸುವಿನಂತೆ ಮೈ ಸವರಲು ಹೋಗಬೇಡಿ.

ಒಂದೆರಡು ರಾತ್ರಿ ಸಣ್ಣ ಡೇರೆ ಹಾಕಲೂ ಅವಕಾಶವಿದೆ. ಆದರೆ ಲಾಕ್ ಲೋಮಂಡ್ ರಾಷ್ಟ್ರೀಯ ಉದ್ಯಾನದ ಕೆಲವು ಕಡೆ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೆ ಪರವಾನಗಿ ಬೇಕು. ಸಂಜೆ ಮರಳಿದ ಮೇಲೆ ಕಾಲು, ಮಂಡಿಯ ಹಿಂಭಾಗ ನೋಡಿಕೊಳ್ಳಿ: ಅಲ್ಲಿನ ರಕ್ತ ಹೀರುವ ಉಣ್ಣೆ ಹುಳುಗಳು ಕಚ್ಚಿದರೆ ಲೈಮ್ ಎಂಬ ಸೋಂಕು ಕಾಯಿಲೆ ಬರಬಹುದು.