ಮಳೆ ಹಿಡಿದ ಮೇಲೆ ಕೀಬೋರ್ಡ್ ಅಕ್ಷರ ನುಂಗುತ್ತಿದೆ, ಮೌಸ್ ತಡವರಿಸುತ್ತಿದೆ: ಅಂಗಡಿಗೆ ಹೊರಡುವ ಮೊದಲು ಏನು ನೋಡಬೇಕು?

ಕೊಡಗಿನ ನಾಪೋಕ್ಲಿನ ಹತ್ತಿರ ಮನೆ, ಹದಿನೈದು ದಿನದಿಂದ ಬಿಡದ ಮಳೆ, ಕೀಬೋರ್ಡಿನಲ್ಲಿ 1, ಕ್ಯೂ, ಎ, ಝಡ್ ಎಂಬ ನಾಲ್ಕು ಕೀ ಒತ್ತಿದರೆ ಏನೂ ಮೂಡುವುದಿಲ್ಲ, ವೈರ್‌ಲೆಸ್ ಮೌಸಿನ ಬಾಣ ತಡೆದು ತಡೆದು ಓಡುತ್ತದೆ ಎಂದು ಬರೆದಿದ್ದೀರಿ. ಸಿಪಿಯು ಡಬ್ಬಿಯನ್ನು ಮಡಿಕೇರಿಗೆ ಹೊರಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಹೊರಬೇಡಿ. ನೀವು ಆ ನಾಲ್ಕು ಕೀಗಳ ಹೆಸರು ಬರೆದದ್ದು ಬಹಳ ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ.

ನಾನು ಕಂಪ್ಯೂಟರ್ ಓದಿದವನಲ್ಲ. ಸಿದ್ದಾಪುರದ ಕಡೆ ಒಂದು ಕಾಫಿ ತೋಟದ ಕಚೇರಿಯಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕದಿಂದ ಕಂಪ್ಯೂಟರಿಗೆ ಬಂದ ಮೇಲೆ ಕೀಬೋರ್ಡ್ ಮುಷ್ಕರ ಹೂಡಿದರೆ ಬಟವಾಡೆಯೇ ನಿಲ್ಲುತ್ತದೆ. ಹಾಗಾಗಿ ಬೇರೆ ದಾರಿಯಿಲ್ಲದೆ ಕಲಿತದ್ದು ಇದು.

ಕೀಬೋರ್ಡನ್ನು ಎದುರಿಗಿಟ್ಟುಕೊಂಡು ನೋಡಿ: 1, ಕ್ಯೂ, ಎ, ಝಡ್ ಮೇಲಿನಿಂದ ಕೆಳಕ್ಕೆ ಒಂದೇ ಓರೆ ಸಾಲಿನಲ್ಲಿವೆ. ಅಗ್ಗದ ಕೀಬೋರ್ಡುಗಳ ಒಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಮೇಲಿನದರಲ್ಲೂ ಕೆಳಗಿನದರಲ್ಲೂ ವಿದ್ಯುತ್ ಹರಿಯುವ ಶಾಯಿಯ ಗೆರೆಗಳು, ನಡುವಿನದರಲ್ಲಿ ಬರೀ ತೂತುಗಳು. ಕೀ ಒತ್ತಿದಾಗ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಯನ್ನು ಮುಟ್ಟುತ್ತದೆ. ಪ್ರತಿ ಕೀಗೂ ಒಂದು ತಂತಿ ಎಳೆದರೆ ನೂರಕ್ಕೂ ಹೆಚ್ಚು ತಂತಿ ಬೇಕಾಗುತ್ತದೆ. ಅದಕ್ಕಾಗಿ ಒಂದು ಗೆರೆಯನ್ನು ಹಲವು ಕೀಗಳು ಹಂಚಿಕೊಳ್ಳುತ್ತವೆ, ಮತ್ತು ಬಹಳಷ್ಟು ಕೀಬೋರ್ಡುಗಳಲ್ಲಿ ಈ ನಾಲ್ಕೂ ಒಂದೇ ಗೆರೆಯ ಮೇಲೆ ಕೂತಿರುತ್ತವೆ. ಗೆರೆ ಒಂದು ಕಡೆ ತುಂಡಾದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ. ವಿಂಡೋಸ್ ಆಗಲಿ ವೈರಸ್ ಆಗಲಿ ಹೀಗೆ ಸಾಲು ಹಿಡಿದು ಕೆಡಿಸುವುದಿಲ್ಲ. ಇದು ತೇವದ ಕೆಲಸ.

ಖಾತ್ರಿ ಬೇಕಾದರೆ ಕೀಬೋರ್ಡನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ನೋಡಿ. ಅಲ್ಲೂ ಅವೇ ನಾಲ್ಕು ಬೀಳದಿದ್ದರೆ ನಿಮ್ಮ ಡಬ್ಬಿ ನಿರ್ದೋಷಿ. ಅಕ್ಕಪಕ್ಕದಲ್ಲಿ ಬೇರೆ ಕಂಪ್ಯೂಟರ್ ಇಲ್ಲದಿದ್ದರೆ ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಒಂದು ಕೀಬೋರ್ಡ್ ಮೂಡುತ್ತದೆ. ನೀವು ಕೈಯಲ್ಲಿ ಒತ್ತಿದ ಕೀ ಅಲ್ಲಿ ಬಣ್ಣ ಬದಲಿಸುತ್ತದೆ. ಯಾವುದು ಸತ್ತಿದೆ, ಯಾವುದು ಒತ್ತದೆಯೇ ಒತ್ತಿಕೊಂಡಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಕಳೆದ ಕಕ್ಕಡ ಹದಿನೆಂಟರಂದು (ಕಕ್ಕಡ ಎಂದರೆ ನಮ್ಮ ಕೊಡಗಿನ ಒಂದು ಮಳೆಗಾಲದ ತಿಂಗಳು) ನಮ್ಮ ಮನೆಯ ಹುಡುಗ ಕಡುನೇರಳೆ ಬಣ್ಣ ಬಿಡುವ ಮದ್ದುಸೊಪ್ಪಿನ ಪಾಯಸದ ಬಟ್ಟಲನ್ನು ನೇರವಾಗಿ ಕೀಬೋರ್ಡಿನ ಮೇಲೆ ಕವುಚಿದ. ಮೇಲೆ ಒರೆಸಿದೆವು, ಎರಡು ದಿನ ನಡೆಯಿತು, ಮೂರನೆಯ ದಿನ ಬಾಣದ ಕೀಗಳು ನಿಂತವು. ಬಿಚ್ಚಿದರೆ ಮೂರು ಹಾಳೆಗಳ ನಡುವೆ ಆ ಕಡುನೇರಳೆ ಬಣ್ಣ ಭೂಪಟದ ಹಾಗೆ ಹರಡಿತ್ತು, ಬೆಲ್ಲದ ಅಂಟಿಗೆ ಹಾಳೆಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಬಟ್ಟೆಯಿಂದ ಗೆರೆಗಳನ್ನು ಉಜ್ಜದೆ ಒತ್ತಿ ಒತ್ತಿ ತೆಗೆದೆ. ಬಾಣದ ಕೀಗಳು ಬದುಕಿದವು. ನೇರಳೆ ಕಲೆ ಹೋಗಲಿಲ್ಲ. ನೀವೂ ಬಿಚ್ಚುವುದಾದರೆ ವಿದ್ಯುತ್ ಸಂಪರ್ಕ ತೆಗೆದು ಮಗುಚಿ, ಎಲ್ಲ ಸ್ಕ್ರೂ ತೆಗೆದರೂ ಬಾಯಿ ಬಿಡದಿದ್ದರೆ ಸ್ಟಿಕ್ಕರಿನ ಮೇಲೆ ಬೆರಳಾಡಿಸಿ, ಅದರಡಿಯಲ್ಲಿ ಒಂದು ಸ್ಕ್ರೂ ಅಡಗಿರಬಹುದು. ಕೈ ತೊಳೆಯುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತದೆ. ಬಿಳಿ ಪುಡಿ ಕಂಡರೂ ಗೆರೆ ತುಂಡಾಗದಿದ್ದರೆ ಒರೆಸಿ ಒಣಗಿಸಿದ ಮೇಲೆ ಬರುವ ಸಾಧ್ಯತೆ ಇದೆ. ಗೆರೆ ಕಪ್ಪಾಗಿ ತಿಂದುಹೋಗಿದ್ದರೆ ಮಾತ್ರ ಹೊಸದು ತನ್ನಿ. ಸಾಧಾರಣ ಕೀಬೋರ್ಡಿಗಾಗಿ ಇಡೀ ಭಾನುವಾರ ಸುಡುವುದು ನಷ್ಟದ ಬಾಬತ್ತು.

ಒಣಗಿಸುವ ವಿಷಯದಲ್ಲಿ ನಮ್ಮ ಊರಿನ ಒಂದು ಚಟವಿದೆ: ಮಳೆಗಾಲದಲ್ಲಿ ಯಾವುದು ನೆನೆದರೂ ಒಲೆಯ ಮೇಲಿನ ಅಟ್ಟಕ್ಕೆ, ಇಲ್ಲವೆ ಅಗ್ಗಿಷ್ಟಿಕೆಯ ಪಕ್ಕಕ್ಕೆ. ಬಟ್ಟೆಗೆ ಸರಿ. ನಮ್ಮ ಕಚೇರಿಯವರೊಬ್ಬರು ಕೀಬೋರ್ಡಿಗೂ ಅದೇ ಮಾಡಿದರು. ಹಾಳೆ ಹಪ್ಪಳದಂತೆ ಸುರುಟಿಕೊಂಡಿತು. ಫ್ಯಾನಿನ ಕೆಳಗೆ ಮಗುಚಿ ಎರಡು ದಿನ ಇಟ್ಟರೆ ಸಾಕು. ಬೀರುವಿನೊಳಗೆ ಬೂಷ್ಟು ಹಿಡಿಯದಂತೆ ಬಲ್ಬ್ ಉರಿಸುತ್ತೇವಲ್ಲ, ಅದೇ ಲೆಕ್ಕದಲ್ಲಿ ಕಂಪ್ಯೂಟರನ್ನೂ ಮಳೆಗಾಲದಲ್ಲಿ ದಿನಕ್ಕೆ ಒಂದಷ್ಟು ಹೊತ್ತು ಚಾಲೂ ಇಡಿ, ಅದರ ಬಿಸಿಯೇ ತೇವವನ್ನು ಓಡಿಸುತ್ತದೆ. ದಪ್ಪ ಬಟ್ಟೆ ಹೊದಿಸಿಟ್ಟರೆ ಧೂಳು ಬಾರದು, ತೇವವೂ ಹೋಗದು.

ಇನ್ನು ಅಕ್ಷರವೆಲ್ಲ ಬೀಳುತ್ತದೆ, ಆದರೆ ತಡವಾಗಿ ಬೀಳುತ್ತದೆ ಎಂದಾದರೆ ಕಥೆ ಬೇರೆ. ನಮ್ಮಲ್ಲಿ ಒಂದು ಬೆಳಿಗ್ಗೆ ಪ್ರತಿ ಕೀಯನ್ನು ಒತ್ತಿ ಹಿಡಿದುಕೊಂಡರಷ್ಟೇ ಅಕ್ಷರ ಮೂಡುತ್ತಿತ್ತು. ಹೊಸ ಕೀಬೋರ್ಡ್ ತಂದೆವು, ಅದೂ ಹಾಗೆಯೇ! ಕೊನೆಗೆ ಗೊತ್ತಾಯಿತು: ಯಾರೋ ದಪ್ಪ ರಿಜಿಸ್ಟರನ್ನು ಬಲಗಡೆಯ ಶಿಫ್ಟ್ ಕೀಗೆ ಒರಗಿಸಿಟ್ಟಿದ್ದರು. ಅದು 8 ಸೆಕೆಂಡ್ ಒತ್ತಿದಂತಾದರೆ ಫಿಲ್ಟರ್ ಕೀಸ್ ಎಂಬ ಸೌಲಭ್ಯವನ್ನು ಚಾಲೂ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ, ಇನ್ಯಾರೋ ಓದದೆ ಎಂಟರ್ ಒತ್ತಿದ್ದರು. ಕೈ ನಡುಗುವವರಿಗೆ ಅದು ಉಪಕಾರಿ, ನಮಗೆ ಅಂದು ದಂಡ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯೊಳಗೆ ಕೀಬೋರ್ಡ್ ಎಂಬಲ್ಲಿ ಅದನ್ನು ನಿಲ್ಲಿಸಬಹುದು. ಇಂಗ್ಲಿಷ್ ಒತ್ತಿದರೆ ಕನ್ನಡ ಬರುತ್ತಿದ್ದರೆ ಅದೂ ಕೀಬೋರ್ಡಿನ ತಪ್ಪಲ್ಲ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ.

ನಿಮ್ಮ ಮೌಸಿಗೆ ಬರೋಣ. ಮೊದಲು ಬ್ಯಾಟರಿ ತೆಗೆದು ಸ್ಪ್ರಿಂಗ್ ನೋಡಿ. ಈ ಹವೆಯಲ್ಲಿ ಅಲ್ಲಿ ಬಿಳಿಯೋ ಹಸಿರೋ ಪುಡಿ ಕೂತಿರುತ್ತದೆ. ಸೋರಿದ ಆಲ್ಕಲೈನ್ ಬ್ಯಾಟರಿಯಾದರೆ ಹತ್ತಿಗೆ ಒಂದು ಹನಿ ಬಿಳಿ ವಿನೆಗರ್ ತಾಗಿಸಿ ಒರೆಸಿ, ನಂತರ ಚೆನ್ನಾಗಿ ಒಣಗಿಸಿ. ಮನೆಯಲ್ಲಿ ಇದೆ ಎಂದು ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ) ಹಚ್ಚಬೇಡಿ, ಅದು ಪಂದಿ ಕರಿಗೆ ಇರಲಿ.

ಬ್ಯಾಟರಿ ಸರಿಯಿದ್ದರೆ ರಿಸೀವರನ್ನು, ಅಂದರೆ ಮೌಸಿನ ಜೊತೆ ಬರುವ ಪುಟ್ಟ ಯುಎಸ್‌ಬಿ ತುಂಡನ್ನು, ಎಲ್ಲಿ ಚುಚ್ಚಿದ್ದೀರಿ ನೋಡಿ. ಡಬ್ಬಿಯ ಹಿಂಬದಿಯ ನೀಲಿ ಬಾಯಿಯ ಯುಎಸ್‌ಬಿ 3.0ರಲ್ಲಿ ಇದ್ದರೆ, ಪಕ್ಕದಲ್ಲಿ ಪೆನ್ ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಓಡುತ್ತಿದ್ದರೆ, ನನ್ನ ಅನುಮಾನ ಅದರ ಮೇಲೆಯೇ. ವೈರ್‌ಲೆಸ್ ಮೌಸ್ ಮಾತಾಡುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಯುಎಸ್‌ಬಿ 3.0 ಕೆಲಸ ಮಾಡುವಾಗ ಅದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ ಎಂಬುದನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ತೋರಿಸಿದೆ. ರಿಸೀವರನ್ನು ಮುಂಭಾಗದ ಕಪ್ಪು ಬಾಯಿಗೆ ತನ್ನಿ, ಅಥವಾ ಒಂದು ಎಕ್ಸ್‌ಟೆನ್ಶನ್ ತಂತಿ ಹಾಕಿ ಮೌಸಿನ ಹತ್ತಿರವೇ ಇಡಿ. ಇದಾದ ಮೇಲೆಯೂ ತಡವರಿಸಿದರೆ ಮೇಜನ್ನು ನೋಡಿ. ಬೀಟೆಯ ಮೇಜಿನ ಮೇಲೆ ಗಾಜು ಹಾಸಿ ಅದರಡಿ ಫೋಟೋ ಜೋಡಿಸುವ ರೂಢಿ ನಮ್ಮಲ್ಲಿದೆಯಲ್ಲ, ಮೌಸಿನ ಕಣ್ಣಿಗೆ ಆ ಗಾಜೇ ಶತ್ರು. ಅದು ತನ್ನಡಿಯ ನೆಲದ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಹೋಲಿಸಿ ಚಲನೆ ಅಳೆಯುತ್ತದೆ. ಗಾಜಿನಲ್ಲಿ ಅದಕ್ಕೆ ಗುರುತು ಸಿಗುವುದಿಲ್ಲ. ಒಂದು ದಿನಪತ್ರಿಕೆ ಹಾಸಿ ನೋಡಿ.

ಕರೆಂಟ್ ಹೋಗಿ ಬಂದ ಮೇಲೆ ಎರಡೂ ಒಮ್ಮೆಗೇ ಸತ್ತಂತಾದರೆ ಡಬ್ಬಿಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾಲೂ ಮಾಡಿ. ಹಳೆಯ ಡಬ್ಬಿಯಲ್ಲಿ ನೇರಳೆ ಮತ್ತು ಹಸಿರು ಬಣ್ಣದ ಗುಂಡು ಬಾಯಿಗಳಿದ್ದರೆ (ಆ ಜೋಡಣೆ 1987ರಲ್ಲಿ ಬಂದದ್ದು) ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಅವುಗಳನ್ನು ಕಂಪ್ಯೂಟರ್ ಆರಿಸಿಯೇ ಚುಚ್ಚಬೇಕು.

ಹೊಸ ಕೀಬೋರ್ಡ್ ಬರುವವರೆಗೆ ಒಂದು ತೊಂದರೆ ಎದುರಾದೀತು: ನಿಮ್ಮ ಪಾಸ್‌ವರ್ಡ್‌ನಲ್ಲಿ ಎ ಇದ್ದರೆ ಒಳಗೆ ಹೋಗುವುದು ಹೇಗೆ? ಲಾಗಿನ್ ಪರದೆಯ ಬಲಗಡೆ ಕೆಳಗೆ ಮನುಷ್ಯನಂತಿರುವ ಚಿಹ್ನೆಯನ್ನು ಮೌಸಿನಿಂದ ಒತ್ತಿ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆಯಿರಿ, ಆ ಒಂದು ಅಕ್ಷರವನ್ನು ಅಲ್ಲಿಂದ ಹಾಕಿ. ಅದಕ್ಕಾಗಿ ಮೌಸನ್ನು ಮೊದಲು ಸರಿಮಾಡಿಕೊಳ್ಳಿ.