ನೀರುದೋಸೆ ಹರಿಯುದು ಹೆಚ್ಚಾಗಿ ಹಿಟ್ಟಿಂದಲ್ಲ, ಕಾವಲಿಯಿಂದ

ನೀರುದೋಸೆ ಕಾವಲಿಯಿಂದ ಏಳುದಿಲ್ಲ, ತುಂಡು ತುಂಡಾಗಿ ಹರಿದು ಹೋಗ್ತದೆ, ಯಾಕೆ ಅಂತ ಕೇಳಿದ್ದೀರಿ. ಹೊಸ ಕಬ್ಬಿಣದ ಕಾವಲಿ, ಸೋಪು ಹಾಕಿ ಸ್ಕ್ರಬ್ಬರಲ್ಲಿ ತಿಕ್ತೇನೆ ಅಂತ ನೀವೇ ಬರ್ದಿದ್ದೀರಿ, ಹೆಚ್ಚಾಗಿ ಅಲ್ಲೇ ಇರುದು ತೊಂದರೆ. ಎಣ್ಣೆ ಹಿಡಿದು ಪಳಗುವ ಮೊದಲೇ ಅದನ್ನು ತೊಳೆದು ತೆಗೀತೀರಿ, ಮತ್ತೆ ದೋಸೆ ಏಳುದು ಹೇಗೆ?

ಮೊದಲು ಕಾವಲಿ ಒರೆಸಿ ತೆಳುವಾಗಿ ಎಣ್ಣೆ ಸವರಿ ಹೊಗೆ ಬರುವಷ್ಟು ಕಾಯಿಸಿ, ತಣಿಸಿ, ಹೀಗೆ ಮೂರ್ನಾಲ್ಕು ಸಲ ಮಾಡಿ. ಇನ್ನು ಸೋಪು ಬೇಡ, ಬಿಸಿನೀರಲ್ಲಿ ತೊಳೆದು ಒರೆಸಿಟ್ರೆ ಸಾಕು. ಹೊಯ್ಯುವಾಗ ಕಾವಲಿ ಚೆನ್ನಾಗಿ ಕಾದಿರ್ಬೇಕು, ಅರ್ಧ ನೀರುಳ್ಳಿ ಎಣ್ಣೆಗೆ ಅದ್ದಿ ಉಜ್ಜಿ, ಪ್ರತೀ ಸಲ ಸೌಟು ತಳಕ್ಕೆ ಹಾಕಿ ಹಿಟ್ಟು ಕಲಕಿಯೇ ತೆಗೀರಿ, ಯಾಕಂದ್ರೆ ಅಕ್ಕಿ ಅಡಿಗೆ ಕೂರ್ತದೆ, ಮೇಲೆ ಬರೀ ನೀರು ಉಳೀತದೆ. ಅಂಚಿಂದ ನಡುವಿಗೆ ಹೊಯ್ದು ಮುಚ್ಚಿ, ಅಂಚು ತಾನಾಗಿ ಬಿಡುವವರೆಗೆ ಸಟ್ಟುಗ ಮುಟ್ಟಬೇಡಿ, ಅವಸರ ಮಾಡಿದ್ರೆ ಹರಿದೇ ಹರೀತದೆ.

ಅಕ್ಕಿ ಯಾವುದು ಅಂತ ನೀವು ಹೇಳ್ಲಿಲ್ಲ, ಹಾಗಾಗಿ ಗ್ಯಾರಂಟಿ ಕೊಡ್ಲಿಕ್ಕಾಗುದಿಲ್ಲ. ಕಾಸರಗೋಡು ಪೇಟೆಯಲ್ಲಿ ಸುಮ್ಮನೆ ಅಕ್ಕಿ ಕೇಳಿದ್ರೆ ಕುಚ್ಚಿಲಕ್ಕಿಯೇ (ಭತ್ತ ಬೇಯಿಸಿ ಮಾಡಿದ ಅಕ್ಕಿ) ಕೈಗೆ ಬಂದೀತು, ಇದಕ್ಕೆ ಬೆಳ್ತಿಗೆ, ಅಂದ್ರೆ ಬೇಯಿಸದ ಭತ್ತದ ಬಿಳಿ ಅಕ್ಕಿ ಬೇಕು, ನಾಲ್ಕೈದು ಗಂಟೆ ನೆನೆಸಿ ನುಣ್ಣಗೆ ಕಡೀರಿ. ಕಾವಲಿ ಪಳಗಿದ ಮೇಲೂ ಹರಿದ್ರೆ ನೀರು ಜಾಸ್ತಿ ಆಗಿರ್ಬಹುದು, ಒಂದು ಚಮಚ ಅಕ್ಕಿಹಿಟ್ಟು ಕಲಸಿ ನೋಡಿ.

ಮತ್ತೆ ಅತ್ತೆ ಎದುರು ನಾಚಿಕೆ ಆಗಿ ಹಿಟ್ಟು ಚೆಲ್ಲಿದೆ ಅಂದ್ರಲ್ಲ, ಅದು ಮಾತ್ರ ಬೇಡ ಮಾರಾಯ್ರೇ. ಮೊದಲ ಒಂದೆರಡು ದೋಸೆ ಯಾರಿಗೂ ಸರಿ ಬರುದಿಲ್ಲ, ಅವರ ಕಾವಲಿಯಲ್ಲೂ. ಹರಿದದ್ದನ್ನು ಹಾಗೇ ಬಟ್ಟಲಿಗೆ ಹಾಕಿ ಮೇಲೆ ಕಾಯಿಬೆಲ್ಲ ಉದುರಿಸಿ ಮೇಜಿಗಿಡಿ, ಅಷ್ಟರಲ್ಲಿ ಮುಂದಿನದ್ದು ಹೊಯ್ಯಿರಿ.